ಅರವತ್ತೆರಡರ ಹೊಸ ಗಾಯಕ

ಅರವತ್ತೆರಡು ಎಂದರೆ ನಮ್ಮಲ್ಲಿ ದುಡಿಮೆಯ ಲೆಕ್ಕ ಮುಗಿದ ವಯಸ್ಸು. ಪಿಂಚಣಿ ಕಾಗದಗಳು ಒಂದು ಹಂತಕ್ಕೆ ಬಂದಿರುತ್ತವೆ, ಬೆಳಗಿನ ವಾಕಿಂಗಿಗೆ ಜೊತೆಗಾರರು ಸಿಕ್ಕಿರುತ್ತಾರೆ, ಮೊಮ್ಮಕ್ಕಳನ್ನು ಸ್ಕೂಲ್ ವ್ಯಾನ್ ಹತ್ತಿಸುವ ಕೆಲಸ ಖಾಯಂ ಆಗಿರುತ್ತದೆ. ಅದೇ ವಯಸ್ಸಿನಲ್ಲಿ ಅಮೆರಿಕದ ಒಬ್ಬರು ತಮ್ಮ ಜೀವನದ ಮೊಟ್ಟಮೊದಲ ಆಲ್ಬಂ ಹೊರತಂದರು. ಅವರ ಹೆಸರು ಚಾರ್ಲ್ಸ್ ಬ್ರ್ಯಾಡ್ಲಿ. ಆಲ್ಬಮ್ಮಿನ ಹೆಸರು ‘ನೋ ಟೈಮ್ ಫಾರ್ ಡ್ರೀಮಿಂಗ್’, ಅಂದರೆ ಕನಸು ಕಾಣುತ್ತ ಕೂರಲು ಪುರುಸೊತ್ತಿಲ್ಲ ಎಂದು. ಅದು ಬಿಡುಗಡೆಯಾದದ್ದು 2011ರ ಜನವರಿಯಲ್ಲಿ. ಆ ವರ್ಷದ ಕೊನೆಗೆ ‘ರೋಲಿಂಗ್ ಸ್ಟೋನ್’ ಪತ್ರಿಕೆ ಆರಿಸಿದ ವರ್ಷದ ಐವತ್ತು ಅತ್ಯುತ್ತಮ ಆಲ್ಬಮ್‌ಗಳಲ್ಲಿ ಅದೂ ಒಂದಾಗಿತ್ತು.

ಹೊಗಳಿದವರು ಬಹಳ ಮಂದಿ. ಆದರೆ ಹೊಗಳುವಾಗಲೂ ವಿಮರ್ಶಕರನ್ನು ಒಂದು ಪ್ರಶ್ನೆ ಕಾಡುತ್ತಿತ್ತು. ಆ ಪ್ರಶ್ನೆ ನಮ್ಮ ಮನೆಯಲ್ಲೂ ಎದ್ದಿತು, ಒಂದು ಭಾನುವಾರ ದೋಸೆ ಹುಯ್ಯುವ ಹೊತ್ತಿನಲ್ಲಿ.

ನಾನು ಫೋನಿನಲ್ಲಿ ಆಲ್ಬಮ್ಮಿನ ಮೊದಲ ಹಾಡು ಹಾಕಿದ್ದೆ. ಕಹಳೆ, ಸ್ಯಾಕ್ಸೊಫೋನ್‌ಗಳು ದೂರದ ಹಾಲ್‌ನಿಂದ ಬಂದಂತೆ ಕೇಳುತ್ತಿದ್ದವು. ನಡುಮನೆಯಲ್ಲಿ ಹೂ ಕಟ್ಟುತ್ತಿದ್ದ ಅಮ್ಮ, “ಇದೇನೋ, ನಿಮ್ಮಪ್ಪ ರೇಡಿಯೊ ಸಿಲೋನ್ ಹಾಕ್ತಿದ್ದ ಕಾಲದ್ದಿರಬೇಕು” ಎಂದರು. “ಇಲ್ಲಮ್ಮ, 2011ರದ್ದು” ಎಂದೆ. ದೋಸೆಗೆ ಕಾಯುತ್ತಿದ್ದ ಮಗಳು ತಕ್ಷಣ, “ಅಪ್ಪ, ಹಾಗಿದ್ರೆ ಯಾಕೆ ಹಳೇ ಥರ ಮಾಡಿದ್ದಾರೆ? ಕಾಪಿ ಹೊಡೆದಿದ್ದಾರಾ?” ಎಂದು ಕೇಳಿದಳು.

ವಿಮರ್ಶಕರ ಪ್ರಶ್ನೆಯೂ ಅದೇ. ಅವರು ಇನ್ನೂ ನಾಜೂಕಾಗಿ ಕೇಳಿದರು, ಅಷ್ಟೆ.

ಏನಿದು ಸೋಲ್?

ಕಪ್ಪು ಅಮೆರಿಕನ್ನರ ಚರ್ಚುಗಳಲ್ಲಿ ಭಾನುವಾರ ಹಾಡುವ ಭಕ್ತಿಗೀತೆಗಳಿಗೆ ಗಾಸ್ಪೆಲ್ ಎನ್ನುತ್ತಾರೆ. ಕೈ ತಟ್ಟುತ್ತ, ಕೂಗುತ್ತ, ಕೆಲವೊಮ್ಮೆ ಅಳುತ್ತ ಹಾಡುವ ಹಾಡುಗಳವು. 1950ರ ದಶಕದಲ್ಲಿ ರೇ ಚಾರ್ಲ್ಸ್, ಸ್ಯಾಮ್ ಕುಕ್ ಮುಂತಾದವರು ಆ ದನಿಯನ್ನು ಚರ್ಚಿನಿಂದ ಹೊರಗೆ ತಂದು ಪ್ರೇಮಕ್ಕೆ, ವಿರಹಕ್ಕೆ, ದಿನನಿತ್ಯದ ಕಷ್ಟಕ್ಕೆ ಹೊಂದಿಸಿದರು. ಅದೇ ಸೋಲ್ ಸಂಗೀತವಾಯಿತು. ಸೋಲ್ ಎಂದರೆ ಆತ್ಮ. 1960ರ ದಶಕ ಅದರ ಬೆಳೆಯ ಕಾಲ. ಡೆಟ್ರಾಯ್ಟ್‌ನಲ್ಲಿ ಮೋಟೌನ್, ಮೆಂಫಿಸ್‌ನಲ್ಲಿ ಸ್ಟ್ಯಾಕ್ಸ್ ಕಂಪನಿಗಳು ಒಂದರ ಹಿಂದೆ ಒಂದು ರೆಕಾರ್ಡ್ ಬಿಟ್ಟವು. ಅರೆಥಾ ಫ್ರಾಂಕ್ಲಿನ್, ಓಟಿಸ್ ರೆಡ್ಡಿಂಗ್, ಜೇಮ್ಸ್ ಬ್ರೌನ್ ಮನೆಮಾತಾದರು. ಆಮೇಲೆ ಡಿಸ್ಕೊ ಬಂತು, ಸಿಂಥಸೈಸರ್ ಬಂತು, ಹಿಪ್ ಹಾಪ್ ಬಂತು. ಹಳೆಯ ಸೋಲ್ ಪ್ಲೇಟುಗಳು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದವು.

ಆ ಪ್ಲೇಟುಗಳನ್ನು ಹುಡುಕಿ ಹುಡುಕಿ ಕೇಳಿದ ಕೆಲವು ಹುಡುಗರು, ಹೊಸ ಶತಮಾನದ ಹೊಸ್ತಿಲಲ್ಲಿ, ಮತ್ತೆ ಅದೇ ರೀತಿ ರೆಕಾರ್ಡ್ ಮಾಡಬೇಕೆಂದು ಹಠ ಹಿಡಿದರು. ನ್ಯೂಯಾರ್ಕಿನ ಗೇಬ್ರಿಯಲ್ ರಾತ್ ಮತ್ತು ನೀಲ್ ಶುಗರ್‌ಮನ್ 2001ರಲ್ಲಿ ಡ್ಯಾಪ್‌ಟೋನ್ ಎಂಬ ಪುಟ್ಟ ರೆಕಾರ್ಡ್ ಕಂಪನಿ ಕಟ್ಟಿದರು. ಬ್ರೂಕ್ಲಿನ್‌ನ ಬುಷ್‌ವಿಕ್ ಬಡಾವಣೆಯ ಒಂದು ಎರಡಂತಸ್ತಿನ ಹಳೇ ಮನೆಯೇ ಅವರ ಸ್ಟುಡಿಯೊ. ಕಂಪ್ಯೂಟರ್ ಬದಲು ಟೇಪ್. ಡ್ರಮ್ಸ್, ಗಿಟಾರ್, ಕಹಳೆಯವರೆಲ್ಲ ಒಟ್ಟಿಗೆ ಕೂತು ನುಡಿಸಬೇಕು. ಯಾರದೋ ಒಂದು ಸ್ವರ ಜಾರಿದರೆ ಮೌಸ್ ಒತ್ತಿ ಸರಿಮಾಡುವ ಸುಖ ಅಲ್ಲಿಲ್ಲ. ಇದಕ್ಕೆ ರೆಟ್ರೊ ಸೋಲ್ ಎಂಬ ಹೆಸರು ಬಿತ್ತು. ಇಂಗ್ಲೆಂಡಿನ ಏಮಿ ವೈನ್‌ಹೌಸ್ 2006ರಲ್ಲಿ ‘ಬ್ಯಾಕ್ ಟು ಬ್ಲ್ಯಾಕ್’ ಮಾಡಿದಾಗ ಹಲವು ಹಾಡುಗಳಿಗೆ ನುಡಿಸಿದ್ದು ಈ ಮನೆಯ ಡ್ಯಾಪ್ ಕಿಂಗ್ಸ್ ವಾದ್ಯವೃಂದವೇ. ಆ ಆಲ್ಬಂ ಜಗತ್ತನ್ನೇ ಸುತ್ತಿತು. ಹಳೆಯ ನಾದಕ್ಕೆ ಮತ್ತೆ ಬೇಡಿಕೆ ಬಂತು.

ಪೊರಕೆಯೇ ಮೈಕು

ಬ್ರ್ಯಾಡ್ಲಿ ಹುಟ್ಟಿದ್ದು 1948ರಲ್ಲಿ, ಫ್ಲೋರಿಡಾದ ಗೇನ್ಸ್‌ವಿಲ್‌ನಲ್ಲಿ. ಎಂಟು ವರ್ಷದವರೆಗೆ ಅಜ್ಜಿಯೇ ಸಾಕಿದರು. ಆಮೇಲೆ ತಾಯಿ ಬಂದು ಬ್ರೂಕ್ಲಿನ್‌ಗೆ ಕರೆದೊಯ್ದಳು. 1962ರಲ್ಲಿ ಅಕ್ಕ ಅವನನ್ನು ಹಾರ್ಲೆಮ್‌ನ ಅಪೋಲೊ ಥಿಯೇಟರ್‌ಗೆ ಕರೆದುಕೊಂಡು ಹೋದಳು. ವೇದಿಕೆಯ ಮೇಲೆ ಜೇಮ್ಸ್ ಬ್ರೌನ್! ಆ ಕುಣಿತ, ಆ ಚೀತ್ಕಾರ, ಮೈಕನ್ನು ಬೀಳಿಸಿ ಮತ್ತೆ ಎಳೆದುಕೊಳ್ಳುವ ಆ ಚಮತ್ಕಾರ ನೋಡಿ ಹುಡುಗ ಮರುಳಾದ. ಮನೆಗೆ ಬಂದವನೇ ಪೊರಕೆಗೆ ದಾರ ಕಟ್ಟಿದ. ದಾರ ಎಳೆದರೆ ಪೊರಕೆ ಎದ್ದು ಕೈಗೆ ಬರಬೇಕು, ಜೇಮ್ಸ್ ಬ್ರೌನ್‌ನ ಮೈಕಿನ ಹಾಗೆ. ಅದೇ ಅಭ್ಯಾಸವಾಯಿತು.

ಆದರೆ ಮನೆಯಲ್ಲಿ ಸುಖವಿರಲಿಲ್ಲ. ಅವನು ಮಲಗುತ್ತಿದ್ದದ್ದು ನೆಲಮಾಳಿಗೆಯ ಕೋಣೆಯಲ್ಲಿ, ಅದರ ನೆಲವೋ ಬರೀ ಮರಳು. ಹದಿನಾಲ್ಕರ ಹೊತ್ತಿಗೆ ಮನೆ ಬಿಟ್ಟ. ಹಗಲು ಬೀದಿ, ರಾತ್ರಿ ಸಬ್‌ವೇ ರೈಲಿನ ಡಬ್ಬಿ. ಹೀಗೆ ಎರಡು ವರ್ಷ. ಆಮೇಲೆ ಬಡ ಯುವಕರಿಗೆ ಕಸುಬು ಕಲಿಸುವ ಜಾಬ್ ಕೋರ್ ಎಂಬ ಸರ್ಕಾರಿ ಯೋಜನೆ ಕೈಹಿಡಿಯಿತು. ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಅಡುಗೆ ಕಲಿತ. ಅಲ್ಲಿ ಯಾರೋ, ನೀನು ಜೇಮ್ಸ್ ಬ್ರೌನ್ ಥರಾನೇ ಇದ್ದೀಯಲ್ಲ, ಹಾಡ್ತೀಯಾ ಎಂದು ಕೇಳಿದರು. ಹಾಡಿದ. ಒಂದು ಪುಟ್ಟ ತಂಡವೂ ಕೂಡಿತು. ಐದಾರು ಕಾರ್ಯಕ್ರಮ ಆಗುವಷ್ಟರಲ್ಲಿ ಜೊತೆಯ ಹುಡುಗರಿಗೆ ವಿಯೆಟ್ನಾಂ ಯುದ್ಧದ ಕರೆ ಬಂತು, ತಂಡ ಚೆದುರಿಹೋಯಿತು.

ಮುಂದಿನ ಸುಮಾರು ಮೂವತ್ತು ವರ್ಷ ಬ್ರ್ಯಾಡ್ಲಿಯವರ ಕೈಯಲ್ಲಿದ್ದದ್ದು ಸೌಟು. ನ್ಯೂಯಾರ್ಕ್ ರಾಜ್ಯದ ವಸ್ಸಾಯಿಕ್‌ನಲ್ಲಿ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಅಡುಗೆಯವರಾಗಿದ್ದರು. ಅಲ್ಲಿಂದ ಕಂಡಕಂಡ ಲಾರಿ, ಕಾರುಗಳಿಗೆ ಕೈ ತೋರಿಸಿ ಹತ್ತುತ್ತ ದೇಶದ ಇನ್ನೊಂದು ತುದಿಗೆ ಹೋದರು. ಕೆನಡಾ, ಅಲಾಸ್ಕಾ ನೋಡಿ ಕ್ಯಾಲಿಫೋರ್ನಿಯಾದಲ್ಲಿ ನಿಂತರು. ಸಿಕ್ಕ ಕೆಲಸ, ಸಿಕ್ಕ ಕಡೆ ಒಂದೆರಡು ಹಾಡು. 1990ರ ದಶಕದಲ್ಲಿ ತಾಯಿ ಫೋನ್ ಮಾಡಿ ಮನೆಗೆ ಬಾ ಎಂದಳು. ತನ್ನನ್ನು ಸಣ್ಣವನಿದ್ದಾಗ ಬಿಟ್ಟುಹೋಗಿದ್ದ ತಾಯಿ. ಹೋದರು. ಕೊನೆಯವರೆಗೂ ಅವಳನ್ನು ನೋಡಿಕೊಂಡರು.

ಬ್ರೂಕ್ಲಿನ್‌ನಲ್ಲಿ ರಾತ್ರಿ ಹೊತ್ತು ಅವರಿಗೆ ಇನ್ನೊಂದು ಹೆಸರಿತ್ತು: ಬ್ಲ್ಯಾಕ್ ವೆಲ್ವೆಟ್. ಕಪ್ಪು ಮಖಮಲ್ಲು. ವಿಗ್ ಹಾಕಿ, ಹೆಗಲಿಗೆ ಮೇಲುವಸ್ತ್ರ ಹೊದ್ದು, ಸಣ್ಣ ಕ್ಲಬ್ಬುಗಳಲ್ಲಿ ಜೇಮ್ಸ್ ಬ್ರೌನ್ ಆಗುತ್ತಿದ್ದರು. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾಗಳಲ್ಲಿ ಜೂನಿಯರ್ ರಾಜ್‌ಕುಮಾರ್, ಜೂನಿಯರ್ ವಿಷ್ಣುವರ್ಧನ್ ಬರುತ್ತಾರಲ್ಲ, ಹಾಗೆ. ಜನ ಶಿಳ್ಳೆ ಹೊಡೆಯುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಅವರ ಸ್ವಂತ ಹೆಸರು ಯಾರೂ ಕೇಳುವುದಿಲ್ಲ.

ಡ್ಯಾಪ್‌ಟೋನ್‌ನ ಗೇಬ್ರಿಯಲ್ ರಾತ್ ಅವರ ಪ್ರದರ್ಶನ ನೋಡಿದ್ದು ಇಂಥ ಒಂದು ಕ್ಲಬ್ಬಿನಲ್ಲೇ. 2002ರಲ್ಲಿ ಒಂದು ಪುಟ್ಟ ರೆಕಾರ್ಡ್ ಬಂತು, ಮತ್ತೆ ಕೆಲವು ಬಂದವು. ಆಲ್ಬಂ ಮಾತ್ರ ಬರಲಿಲ್ಲ. ರಾತ್ ಅವರೇ ಬ್ರ್ಯಾಡ್ಲಿಯವರನ್ನು ಟಾಮ್ ಬ್ರೆನೆಕ್ ಎಂಬ ಗಿಟಾರ್ ವಾದಕನಿಗೆ ಪರಿಚಯಿಸಿದ್ದರು. ವಯಸ್ಸಿನಲ್ಲಿ ಬ್ರೆನೆಕ್ ಅವರಿಗೆ ಮಗನಂತೆ. ಬುಷ್‌ವಿಕ್‌ನ ಮೆನಹನ್ ಬೀದಿಯಲ್ಲಿದ್ದ ಅವನ ಮಲಗುವ ಕೋಣೆಯೇ ಸ್ಟುಡಿಯೊ. ಅಲ್ಲಿ ಹುಟ್ಟಿದ್ದು ಮೆನಹನ್ ಸ್ಟ್ರೀಟ್ ಬ್ಯಾಂಡ್.

ಒಂದು ದಿನ ಬ್ರ್ಯಾಡ್ಲಿ ಅವನೆದುರು ತಮ್ಮ ಅಣ್ಣತಮ್ಮಂದಿರಲ್ಲಿ ಒಬ್ಬನ ಸಾವಿನ ಕಥೆ ಹೇಳಿಕೊಂಡರು. ಕುಟುಂಬದೊಳಗಿನ ಹುಡುಗನೊಬ್ಬನ ಕೈಯಲ್ಲೇ ನಡೆದ ಕೊಲೆ ಅದು. ಬೆಳಗ್ಗೆ ಎದ್ದಾಗ ಮನೆ ಮುಂದೆ ಪೊಲೀಸರು ನಿಂತಿದ್ದರು. ಕೇಳಿದ ಬ್ರೆನೆಕ್, ಇದನ್ನು ಹಾಡಬೇಕು ಎಂದ. ಅಲ್ಲಿಯವರೆಗೆ ಇನ್ನೊಬ್ಬರ ಹಾಡು ಹಾಡುತ್ತಿದ್ದವರು ಮೊದಲ ಬಾರಿಗೆ ತಮ್ಮ ಸಂಕಟಕ್ಕೆ ಬಾಯಿ ಕೊಟ್ಟರು. ಅದೇ ‘ಹಾರ್ಟ್‌ಏಕ್ಸ್ ಅಂಡ್ ಪೇನ್’, ಆಲ್ಬಮ್ಮಿನ ಕೊನೆಯ ಹಾಡು. ‘ವೈ ಈಸ್ ಇಟ್ ಸೋ ಹಾರ್ಡ್’ ಎಂಬ ಇನ್ನೊಂದರಲ್ಲಿ ಹುಟ್ಟಿದೂರಿನಿಂದ ಹಿಡಿದು ಊರೂರು ಅಲೆದ ಇಡೀ ಬದುಕೇ ಇದೆ. ಈ ದೇಶದಲ್ಲಿ ಬದುಕುವುದು ಯಾಕಿಷ್ಟು ಕಷ್ಟ ಎಂಬ ಪ್ರಶ್ನೆ. ಉತ್ತರ ಯಾರಿಂದಲೂ ಬರುವುದಿಲ್ಲ.

ಕಥೆಗೋ, ಹಾಡಿಗೋ?

ವಿಮರ್ಶಕರ ವಿಷಯಕ್ಕೆ ಬರೋಣ. ಪತ್ರಿಕೆ ಯಾವುದೇ ಇರಲಿ, ವಿಮರ್ಶೆ ಶುರುವಾಗುತ್ತಿದ್ದದ್ದು ಬಹುಪಾಲು ಒಂದೇ ರೀತಿ: ಅರವತ್ತೆರಡು ವರ್ಷ, ಅಡುಗೆಯವನು, ಬೀದಿಯಲ್ಲಿ ಮಲಗಿದವನು. (ನಾನೂ ಹಾಗೇ ಶುರುಮಾಡಿದೆ, ಗಮನಿಸಿರಬಹುದು.) ಆಮೇಲೆ ದನಿಯ ವರ್ಣನೆ. ಜೇಮ್ಸ್ ಬ್ರೌನ್ ಮತ್ತು ಓಟಿಸ್ ರೆಡ್ಡಿಂಗ್ ಹೆಸರುಗಳು ಬಾರದ ವಿಮರ್ಶೆ ಕಡಿಮೆ. ಒರಟು, ಬಿರುಕು, ಅಳುವಿನ ಅಂಚಿನಲ್ಲಿ ನಿಂತ ದನಿ, ಸರಿಯಾದ ಜಾಗದಲ್ಲಿ ಎದ್ದುಬರುವ ಕೂಗು. ಆ ಕೂಗಿನಿಂದಲೇ ಅವರಿಗೆ ‘ಸೋಲ್‌ನ ಕಿರುಚುವ ಹದ್ದು’ ಎಂಬ ಬಿರುದು ಅಂಟಿಕೊಂಡಿತು.

ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ತಕರಾರು.

ಮೊದಲ ತಕರಾರು ನನ್ನ ಮಗಳದ್ದೇ. ವಾದ್ಯಗಳ ನಾದ ಎಷ್ಟು ಕರಾರುವಾಕ್ಕಾಗಿ 1960ರ ದಶಕದ್ದೆಂದರೆ, ಆ ಕಾಲದ ಪ್ಲೇಟುಗಳ ನಡುವೆ ಇಟ್ಟರೆ ಬೇರ್ಪಡಿಸುವುದು ಕಷ್ಟ. ಇದು ಸಂಗೀತವೋ, ವಸ್ತುಸಂಗ್ರಹಾಲಯವೋ? ಓಟಿಸ್ ರೆಡ್ಡಿಂಗ್ ಅದನ್ನು ಹಾಡಿದಾಗ ಹೊಸದಾಗಿತ್ತು. 2011ರಲ್ಲಿ ಅದನ್ನೇ ಮಾಡುವುದರಲ್ಲಿ ಏನು ಸಾಹಸ?

ಈ ತಕರಾರು ಬ್ರ್ಯಾಡ್ಲಿಯವರೊಬ್ಬರ ಮೇಲಷ್ಟೇ ಇರಲಿಲ್ಲ. ಇಡೀ ರೆಟ್ರೊ ಸೋಲ್ ಮೇಲೆಯೇ ಇತ್ತು. 2003ರಲ್ಲಿ ಇಂಗ್ಲೆಂಡಿನ ಜಾಸ್ ಸ್ಟೋನ್ ‘ದಿ ಸೋಲ್ ಸೆಷನ್ಸ್’ ತಂದಾಗ ಆಕೆಗೆ ಹದಿನಾರು. ಇಷ್ಟು ಸಣ್ಣ ಹುಡುಗಿಗೆ ಈ ಹಾಡುಗಳಲ್ಲಿರುವ ನೋವು ಹೇಗೆ ಗೊತ್ತಾಗಬೇಕು ಎಂಬ ಅನುಮಾನ ಆಗ ಎದ್ದಿತ್ತು. 2015ರಲ್ಲಿ ಟೆಕ್ಸಾಸ್‌ನ ಲಿಯಾನ್ ಬ್ರಿಡ್ಜಸ್ ‘ಕಮಿಂಗ್ ಹೋಮ್’ ತಂದಾಗ ವಯಸ್ಸು ಇಪ್ಪತ್ತೈದು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗ, ದನಿ ಜೇನು. ಅವನಿಗೂ ಅದೇ ಮಾತು: ಚೆನ್ನಾಗಿದೆ, ಆದರೆ ಸ್ಯಾಮ್ ಕುಕ್‌ನ ಕೋಟನ್ನೇ ಇಸ್ತ್ರಿ ಮಾಡಿ ಹಾಕಿಕೊಂಡಂತಿದೆ. ಅದೇ ಕಾರಣವೋ ಏನೋ, ಮುಂದಿನ ಆಲ್ಬಮ್ಮಿನಲ್ಲಿ ಬ್ರಿಡ್ಜಸ್ ಇಂದಿನ ನಾದದ ಕಡೆ ಹೊರಳಿದ.

ಆದರೆ ಬ್ರ್ಯಾಡ್ಲಿಯವರ ಲೆಕ್ಕವೇ ಬೇರೆ ಎಂದು ನನಗನ್ನಿಸುತ್ತದೆ. ಓಟಿಸ್ ರೆಡ್ಡಿಂಗ್ ಹುಟ್ಟಿದ್ದು 1941ರಲ್ಲಿ, ಅರೆಥಾ 1942ರಲ್ಲಿ. ಬ್ರ್ಯಾಡ್ಲಿ ಅವರಿಗಿಂತ ಆರೇಳು ವರ್ಷ ಚಿಕ್ಕವರು, ಅಷ್ಟೆ. ಅಪೋಲೊದಲ್ಲಿ ಜೇಮ್ಸ್ ಬ್ರೌನ್ ಕುಣಿಯುತ್ತಿದ್ದಾಗ ಕುರ್ಚಿಯಲ್ಲಿ ಕೂತು ನೋಡಿದವರು. ಹಳೆಯದನ್ನು ಅಭ್ಯಾಸ ಮಾಡಿ ಮರಳಿ ಕಟ್ಟಿದ್ದು ವಾದ್ಯ ನುಡಿಸಿದ ಹುಡುಗರು. ಹಾಡಿದವರಿಗೆ ಅದು ಹಳೆಯದಲ್ಲ, ತಮ್ಮ ಕಾಲದ್ದೇ. ಬಸ್ಸು ಮೂರು ಗಂಟೆ ತಡವಾಗಿ ಬಂದರೆ ಅದನ್ನು ಹಳೇ ಬಸ್ಸು ಎನ್ನುತ್ತೇವೆಯೇ? ಇವರನ್ನು ರೆಟ್ರೊ ಗಾಯಕ ಎನ್ನುವುದಕ್ಕಿಂತ ನಲವತ್ತು ವರ್ಷ ತಡವಾಗಿ ಬಂದ ಸೋಲ್ ಗಾಯಕ ಎನ್ನಬಹುದು. ಹಲವು ವಿಮರ್ಶಕರು ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಂತರು. ಬ್ಯಾಂಡಿನ ಅನುಕರಣೆಯ ಬಗ್ಗೆ ಗೊಣಗಿದವರೂ ದನಿಯ ಮುಂದೆ ಕೈ ಮುಗಿದರು.

ಎರಡನೆಯ ತಕರಾರು ಸಾಹಿತ್ಯದ್ದು. ಜಗತ್ತು ಹೊತ್ತಿ ಉರಿಯುತ್ತಿದೆ, ಒಬ್ಬರನ್ನೊಬ್ಬರು ಪ್ರೀತಿಸಿ, ನೀನು ನನ್ನ ಬಿಟ್ಟು ಹೋಗಬೇಡ. ಇಂಥ ಮಾತುಗಳು ಸಾವಿರ ಹಾಡುಗಳಲ್ಲಿ ಸವೆದಿವೆ. ಇದು ನಿಜ. ‘ಟೆಲಿಫೋನ್ ಸಾಂಗ್’ ನನಗೂ ಅಷ್ಟಕ್ಕಷ್ಟೆ. ಹನ್ನೆರಡು ತುಣುಕುಗಳಲ್ಲಿ ಮೂರ್ನಾಲ್ಕನ್ನು ಬ್ಯಾಂಡ್ ಎತ್ತಿ ನಿಲ್ಲಿಸಿದೆ ಎನ್ನಬೇಕು. ಆದರೆ ಒಂದು ಮಾತು. ಬ್ರ್ಯಾಡ್ಲಿಯವರಿಗೆ ಓದು ಬರಹ ಸರಿಯಾಗಿ ಬರುತ್ತಿರಲಿಲ್ಲ. ಅರವತ್ತು ದಾಟಿದ ಮೇಲೆ ಪಾಠ ಹೇಳಿಸಿಕೊಂಡು ಅಕ್ಷರ ಕೂಡಿಸಿ ಓದಲು ಕಲಿಯುತ್ತಿದ್ದರು. ಹಾಳೆ ಮುಂದಿಟ್ಟುಕೊಂಡು ಉಪಮೆ ಹುಡುಕಿ ಬರೆದ ಹಾಡುಗಳಲ್ಲ ಇವು. ಬ್ಯಾಂಡ್ ನುಡಿಸುತ್ತಿದ್ದಂತೆ ಬಾಯಿಗೆ ಬಂದದ್ದನ್ನು ಹಾಡಿದ್ದು. ಸಂಕಟದಲ್ಲಿರುವವರು ಸವೆದ ಮಾತುಗಳನ್ನೇ ಆಡುತ್ತಾರೆ. ಸಾವಿನ ಮನೆಯಲ್ಲಿ ಕೂತು ಅತ್ತವರ ಮಾತು ನೆನಪಿಸಿಕೊಳ್ಳಿ, ಹೊಸ ಪದ ಒಂದಾದರೂ ಇರುತ್ತದೆಯೇ?

ಮೂರನೆಯದು ತಕರಾರಿಗಿಂತ ಹೆಚ್ಚಾಗಿ ಮುಜುಗರ. ನಾವು ಹಾಡಿಗೆ ತಲೆದೂಗುತ್ತಿದ್ದೇವೋ, ಕಥೆಗೆ ಕರಗುತ್ತಿದ್ದೇವೋ? ಅಡುಗೆಯವನ ಬದಲು ಒಬ್ಬ ಬ್ಯಾಂಕ್ ಮ್ಯಾನೇಜರ್ ಇದೇ ಆಲ್ಬಂ ಹಾಡಿದ್ದರೆ ಇಷ್ಟೇ ಹೊಗಳುತ್ತಿದ್ದೆವೋ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಕಂಪನಿಗಳಿಗೂ ಕಥೆ ಮಾರಾಟಕ್ಕೆ ಬೇಕು, ಪತ್ರಿಕೆಗಳಿಗೂ ಬೇಕು. ಆಲ್ಬಂ ಹೊರಬರುವ ಮುಂಚಿನ ದಿನಗಳಲ್ಲಿ ಕ್ಯಾಮೆರಾ ಅವರ ಬೆನ್ನು ಹತ್ತಿತ್ತು. ಆ ಚಿತ್ರ ‘ಸೋಲ್ ಆಫ್ ಅಮೆರಿಕ’ 2012ರಲ್ಲಿ ತೆರೆಗೆ ಬಂತು. ಅದನ್ನು ನೋಡಿದ ಮೇಲೆ ಆಲ್ಬಮ್ಮನ್ನು ಒಣ ಕಣ್ಣಿನಲ್ಲಿ ಕೇಳುವುದು ಕಷ್ಟವೇ.

ಅಮ್ಮನಿಗೆ ಇಂಗ್ಲಿಷ್ ಬಾರದು. ಕಥೆಯೂ ಆ ಭಾನುವಾರ ಗೊತ್ತಿರಲಿಲ್ಲ. ಕೊನೆಯ ಹಾಡು ಬರುವ ಹೊತ್ತಿಗೆ ಹೂ ಕಟ್ಟುವುದನ್ನು ನಿಲ್ಲಿಸಿ, “ಯಾರೋ ಹೋಗಿಬಿಟ್ಟಿದ್ದಾರೆ ಕಣೋ ಇವನಿಗೆ” ಎಂದರು. ಇದು ಒಂದೇ ಮನೆಯ ಒಂದೇ ಉದಾಹರಣೆ, ಪುರಾವೆ ಎನ್ನಲು ಬರುವುದಿಲ್ಲ. ಆದರೂ ನನ್ನ ಅನುಮಾನ ಅಲ್ಲಿಗೆ ಅರ್ಧ ಇಳಿಯಿತು.

ಉಳಿದರ್ಧ ಇಳಿದದ್ದು 2013ರ ಎರಡನೆಯ ಆಲ್ಬಂ ಕೇಳಿದಾಗ. ‘ವಿಕ್ಟಿಮ್ ಆಫ್ ಲವ್’ ಬರುವಷ್ಟರಲ್ಲಿ ಬೀದಿಯ ಕಥೆ, ಅಡುಗೆಯ ಕಥೆ ಎಲ್ಲರಿಗೂ ಗೊತ್ತಾಗಿ ಹಳತಾಗಿತ್ತು. ಅಯ್ಯೋ ಪಾಪ ಎನ್ನುವ ಕಾಲ ಮುಗಿದಿತ್ತು. ಹಾಡುಗಳೂ ಗೋಳು ಬಿಟ್ಟು ಪ್ರೀತಿಯ ಕಡೆ ತಿರುಗಿದ್ದವು, ಗಿಟಾರಿನಲ್ಲಿ 1960ರ ದಶಕದ ಕೊನೆಯ ಮಬ್ಬುಮಬ್ಬು ಛಾಯೆ. ವಿಮರ್ಶಕರು ಅದನ್ನೂ ಮೆಚ್ಚಿದರು. 2016ರ ‘ಚೇಂಜಸ್’ನಲ್ಲಿ ಬ್ಲ್ಯಾಕ್ ಸ್ಯಾಬತ್ ಎಂಬ ಹೆವಿ ಮೆಟಲ್ ತಂಡದ 1972ರ ಹಾಡೊಂದನ್ನು ಎತ್ತಿಕೊಂಡರು. ಮೂಲದಲ್ಲಿ ಅದು ಅಗಲಿದ ಪ್ರೇಯಸಿಯ ಹಾಡು. ಬ್ರ್ಯಾಡ್ಲಿ ಹಾಡುವಾಗ ಅದು ತೀರಿಕೊಂಡ ತಾಯಿಯ ಹಾಡಾಯಿತು. ಅನುಕರಣೆ ಎಂದು ಯಾರೂ ಹೇಳಲಿಲ್ಲ.

ಇದೇ ಡ್ಯಾಪ್‌ಟೋನ್ ಮನೆಯಲ್ಲಿ ಶರಾನ್ ಜೋನ್ಸ್ ಎಂಬ ಇನ್ನೊಬ್ಬರಿದ್ದರು. ಜೈಲಿನ ಕಾವಲುಗಾರ್ತಿಯಾಗಿ, ಹಣ ಸಾಗಿಸುವ ವ್ಯಾನಿನ ಕಾವಲಿಗೆ ದುಡಿದು, ನಲವತ್ತೈದು ದಾಟಿದ ಮೇಲೆ 2002ರಲ್ಲಿ ಮೊದಲ ಆಲ್ಬಂ ಕಂಡವರು. ನಿನ್ನ ವಯಸ್ಸಾಯಿತು, ರೂಪ ಸಾಲದು ಎಂದು ಹಿಂದೆ ಅವರನ್ನು ಕಂಪನಿಯೊಂದು ವಾಪಸ್ ಕಳಿಸಿತ್ತು. ಅವರ ಕಥೆಗೆ ಇನ್ನೊಂದು ಲೇಖನವೇ ಬೇಕು. 2016ರ ನವೆಂಬರಿನಲ್ಲಿ ಕ್ಯಾನ್ಸರ್ ಅವರನ್ನು ಕರೆದೊಯ್ಯಿತು. ಆ ಹೊತ್ತಿಗಾಗಲೇ ಬ್ರ್ಯಾಡ್ಲಿಯವರಿಗೂ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಗಿತ್ತು. ಚಿಕಿತ್ಸೆ ಮುಗಿಸಿ ಮತ್ತೆ ವೇದಿಕೆಗೆ ಬಂದರು. ಪ್ರತಿ ಕಾರ್ಯಕ್ರಮದ ಕೊನೆಗೆ ಜನರ ನಡುವೆ ಇಳಿದು, ಬೆವರಿನ ಅಂಗಿಯಲ್ಲೇ ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುವುದು ಅವರ ರೂಢಿ. ಕಾಯಿಲೆ ಮರುಕಳಿಸಿತು. 2017ರ ಸೆಪ್ಟೆಂಬರ್ 23ರಂದು ತೀರಿಕೊಂಡರು. ಮೊದಲ ಆಲ್ಬಮ್ಮಿನಿಂದ ಲೆಕ್ಕ ಹಾಕಿದರೆ ಅವರಿಗೆ ಸಿಕ್ಕಿದ್ದು ಏಳು ವರ್ಷವೂ ಅಲ್ಲ.

ಮರುವರ್ಷ ನವೆಂಬರಿನಲ್ಲಿ, ಬದುಕಿದ್ದರೆ ಎಪ್ಪತ್ತು ತುಂಬುತ್ತಿದ್ದ ಹೊತ್ತಿಗೆ, ಉಳಿದ ಹಾಡುಗಳನ್ನು ಸೇರಿಸಿ ಗೆಳೆಯರು ಇನ್ನೊಂದು ಆಲ್ಬಂ ತಂದರು. ಅದಕ್ಕೆ ಕ್ಲಬ್ಬುಗಳ ಆ ಹಳೆಯ ಹೆಸರನ್ನೇ ಇಟ್ಟರು, ‘ಬ್ಲ್ಯಾಕ್ ವೆಲ್ವೆಟ್’. ಅದೇ ಹೆಸರಿನ ತುಣುಕೊಂದು ಅದರಲ್ಲಿದೆ. ಮೊನ್ನೆ ಅದನ್ನು ಹಾಕಿದಾಗ ಮಗಳು ಸ್ವಲ್ಪ ಹೊತ್ತು ಕಾದು, “ಅಪ್ಪ, ಇದರಲ್ಲಿ ಅವರು ಹಾಡೋದೇ ಇಲ್ವಲ್ಲ” ಎಂದಳು. ಹೌದು, ಅದರಲ್ಲಿ ವಾದ್ಯಗಳಷ್ಟೇ ಇವೆ.